ಹಸಿರು ದಾರದ ಸೌಟು

ಲಿಫ್ಟಿನ ಒಳಗೋಡೆಗೆ ಭಾನುವಾರದ ಸಾಮೂಹಿಕ ಊಟದ ಪಟ್ಟಿ ಅಂಟಿಸಿ ನಾಲ್ಕು ದಿನವಾಗಿತ್ತು. ಹದಿನಾರು ಮನೆ, ಹದಿನಾರು ಸಾಲು. ಯಾವ ಮನೆಯಿಂದ ಯಾವ ಅಡುಗೆ ಬರುತ್ತದೆಂದು ಅವರವರೇ ಬರೆಯಬೇಕು. ಅವಳು ಕೆಲಸಕ್ಕೆ ಹೋಗುವಾಗೊಮ್ಮೆ, ವಾಪಸು ಬರುವಾಗೊಮ್ಮೆ ಅದನ್ನು ಓದುತ್ತಿದ್ದಳು. ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಕೋಳಿ, ಮೀನು, ಮತ್ತೆ ಕೋಳಿ, ಮಾಂಸದ ಸಾರು, ಮತ್ತೂ ಕೋಳಿ. ಕೆಳಗಡೆ ಯಾರೋ ಪುಣ್ಯಾತ್ಮರು 'ಸಸ್ಯಾಹಾರಿಗಳಿಗೆ: ಸೌತೆಕಾಯಿ' ಎಂದು ಬರೆದು ಕೈ ತೊಳೆದುಕೊಂಡಿದ್ದರು. ದನಕ್ಕೆ ಮೇವು ಹಾಕುವವರೂ ಇದಕ್ಕಿಂತ ಒಂದು ಗಳಿಗೆ ಹೆಚ್ಚು ಯೋಚನೆ ಮಾಡುತ್ತಾರೆ.

ಈ ಊಟಕ್ಕೊಂದು ಹಿನ್ನೆಲೆ ಇತ್ತು. ಆ ಕಟ್ಟಡ ಕಟ್ಟಿದವರು ಲಿಫ್ಟಿಗೆ ಗುಂಡಿ ತೋಡಿ, ಬಾಗಿಲು ಕೂರಿಸಿ, ಲಿಫ್ಟನ್ನು ಮಾತ್ರ ಮರೆತುಬಿಟ್ಟಿದ್ದರು. ಹದಿನಾರು ಮನೆಯವರು ಆರು ವರ್ಷ ಮೆಟ್ಟಿಲು ಹತ್ತಿ, ಅರ್ಜಿ ಕೊಟ್ಟು, ಜಗಳವಾಡಿ, ಕಡೆಗೊಂದು ಭಾನುವಾರ ಲಿಫ್ಟು ಅಲ್ಲಾಡಿದಾಗ ಸಂತೋಷ ತಡೆಯಲಾರದೆ ಮನೆಮನೆಯ ಅಡುಗೆಯನ್ನೆಲ್ಲ ಕೆಳಗೆ ಗಾಡಿ ನಿಲ್ಲಿಸುವ ಜಾಗಕ್ಕೆ ತಂದು ಹಂಚಿಕೊಂಡು ತಿಂದಿದ್ದರು. ಅಂದಿನಿಂದ ವರ್ಷಕ್ಕೊಮ್ಮೆ ಅದೇ ಭಾನುವಾರ ಅದೇ ಊಟ. ಲಿಫ್ಟು ತಿಂಗಳಿಗೆರಡು ಸಲ ಕೈಕೊಡುತ್ತಿತ್ತು, ಊಟ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ.

ಅವಳು ಆ ಕಟ್ಟಡಕ್ಕೆ ಬಂದು ನಾಲ್ಕು ವರ್ಷ. ಮೊದಲನೇ ವರ್ಷ ಅವಳು ದೊಡ್ಡ ಪಾತ್ರೆ ತುಂಬ ಹುರುಳಿಕಾಯಿ ಪಲ್ಯ ಮಾಡಿಕೊಂಡು ಇಳಿದಳು. ಮಾಂಸ ತಿನ್ನದವರು ಆರೇ ಜನ. ಅವರ ಸರದಿ ಬರುವ ಹೊತ್ತಿಗೆ ಕೋಳಿಯ ಜೊತೆ ನಂಚಿಕೊಳ್ಳಲು ಚೆನ್ನಾಗಿದೆ ಎಂದು ಉಳಿದವರು ಪಾತ್ರೆಯ ತಳ ಕೆರೆದಿದ್ದರು. ಆರು ಜನ ಬ್ರೆಡ್ಡು ತಿಂದು ನೀರು ಕುಡಿದರು. ಎರಡನೇ ವರ್ಷ ಪಲ್ಯವೇನೋ ಉಳಿದಿತ್ತು, ಆದರೆ ನೆಲಮಹಡಿಯ ಟೈಲರನ ಮಾಂಸದ ಸಾರಿನ ಸೌಟು ಅದರಲ್ಲಿ ಆರಾಮಾಗಿ ಮಲಗಿತ್ತು. ಮೂರನೇ ವರ್ಷ ಕಟ್ಟಡದ ಸಂಘದ ಕಾರ್ಯದರ್ಶಿಯ ಹೆಂಡತಿ ಅವಳ ತಟ್ಟೆಗೆ ಏನನ್ನೋ ಬಡಿಸಿ, ತುಂಡು ಸಿಕ್ಕಿದರೆ ಪಕ್ಕಕ್ಕೆ ಸರಿಸಿ ತಿನ್ನಿ ಎಂದು ಬಹಳ ಪ್ರೀತಿಯಿಂದ ಹೇಳಿದ್ದಳು. ಮೂರು ವರ್ಷವೂ ಅವಳು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಸುಮ್ಮನಿರುವುದು ಅವಳ ಜಾಯಮಾನವೇ ಅಲ್ಲ, ಹಾಗಾಗಿ ಅದೆಲ್ಲ ಒಳಗೊಳಗೇ ಕುದಿಯುತ್ತ ಕೂತಿತ್ತು.

ಕಟ್ಟಡದವರು ಅವಳನ್ನು ಕರೆಯುತ್ತಿದ್ದದ್ದು 'ಚೆಕಿಂಗ್ ಮೇಡಂ' ಎಂದು. ಆಸ್ಪತ್ರೆಯವರು ಹಾಕಿಕೊಳ್ಳುವ ರಬ್ಬರ್ ಗ್ಲೌಸು ತಯಾರಿಸುವ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೊಂದು ವರ್ಷದಿಂದ ತಪಾಸಣೆಯ ಕೆಲಸದಲ್ಲಿದ್ದಳು. ಗ್ಲೌಸಿನ ಬಾಯಿಯನ್ನು ಗಾಳಿಯ ಕೊಳವೆಗೆ ಸಿಕ್ಕಿಸಿ ಉಬ್ಬಿಸಿ, ಐದೂ ಬೆರಳನ್ನು ಒಂದೊಂದಾಗಿ ಕೆನ್ನೆಯ ಹತ್ತಿರ ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ತಣ್ಣಗೆ ತಾಕುತ್ತದೆ. ದಿನಕ್ಕೆ ಎಂಟು ನೂರು ಗ್ಲೌಸು. ಆ ಕಾರ್ಖಾನೆಯಲ್ಲಿ ಅವಳ ಕೆನ್ನೆಗೆ ಮೋಸ ಮಾಡಿದ ತೂತು ಇನ್ನೂ ಹುಟ್ಟಿರಲಿಲ್ಲ. ಮೇಡಮ್ಮು ಮನೆಗೆ ಬಂದ ಮೇಲೂ ಅದೇ ಕೆಲಸ ಮಾಡುತ್ತಾರೆ, ಮನುಷ್ಯರನ್ನು ಉಬ್ಬಿಸಿ ತೂತು ಹುಡುಕುತ್ತಾರೆ ಎಂದು ಟೈಲರ್ ಯಾರ ಹತ್ತಿರವೋ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

ಈ ವರ್ಷ ಅವಳು ಸುಮ್ಮನಿರುವಂತಿರಲಿಲ್ಲ. ಈ ವರ್ಷ ಅಪ್ಪ ಇದ್ದ.

ಅಪ್ಪ ಅವಳ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ಈಗ ಬೆಳಿಗ್ಗೆ ಎದ್ದ ಕೂಡಲೆ ಇವತ್ತು ಯಾವ ರೂಟು ಎಂದು ಕೇಳುತ್ತಿದ್ದ. ಒಂದು ದಿನ ಅವಳು ಮಗಳು, ಒಂದು ದಿನ ಡಿಪೋದ ಗುಮಾಸ್ತೆ, ಇನ್ನೊಂದು ದಿನ ಯಾರೋ ಗುರುತಿಲ್ಲದ ಹೆಂಗಸು. ಅದಕ್ಕೂ ಅವಳು ಒಗ್ಗಿಕೊಂಡಿದ್ದಳು. ಒಗ್ಗದೆ ಹೋದದ್ದು ಮೂರು ವಾರದಿಂದ ಅವನು ಊಟ ಬಿಟ್ಟದ್ದಕ್ಕೆ. ಬೆಳಗಿನ ಐದಕ್ಕೆ ಎದ್ದು ಅವಳು ಮಾಡಿದ ಅಡುಗೆಯನ್ನು ಅವನು ಬೆರಳಲ್ಲಿ ಆಕಡೆ ಈಕಡೆ ಸರಿಸಿ, ಎರಡು ತುತ್ತು ನುಂಗಿ, ತಟ್ಟೆಯನ್ನು ದೂಡಿಬಿಡುತ್ತಿದ್ದ. ಗದರಿದಳು, ಗೋಗರೆದಳು, ತಾನೇ ಕಲಸಿ ಬಾಯಿಗಿಟ್ಟಳು. ತುಟಿ ಬಿಗಿದುಕೊಂಡು ಗೋಡೆ ನೋಡುತ್ತಿದ್ದ. ಡಾಕ್ಟರು ತೂಕ ನೋಡಿ, ಇನ್ನೆರಡು ಕಿಲೋ ಇಳಿದರೆ ಮೂಗಿಗೆ ನಳಿಗೆ ಹಾಕಿ ಹೊಟ್ಟೆಗೆ ಬಿಡಬೇಕಾಗುತ್ತದೆ ಎಂದರು. ಒಬ್ಬರನ್ನೇ ಕೂರಿಸಬೇಡಿ, ನಾಲ್ಕು ಜನರ ಮಧ್ಯೆ ಕೂರಿಸಿ ನೋಡಿ, ತಿನ್ನುವವರನ್ನು ಕಂಡಾದರೂ ತಿಂದಾರು ಎಂದೂ ಹೇಳಿದರು. ನಾಲ್ಕು ಜನರನ್ನು ಅವಳು ಎಲ್ಲಿಂದ ತರಬೇಕು? ಮದುವೆ ಮೂರೇ ವರ್ಷಕ್ಕೆ ಮುಗಿದಿತ್ತು, ಅಮ್ಮ ಹೋಗಿ ಐದು ವರ್ಷವಾಗಿತ್ತು. ಉಳಿದದ್ದು ಲಿಫ್ಟಿನ ಊಟ ಒಂದೇ.

ಅಪ್ಪ ಮಾಂಸ ಬಿಟ್ಟದ್ದು ಅವಳ ದೆಸೆಯಿಂದ. ಅವಳಿಗೆ ಏಳು ವರ್ಷವಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಮಾಂಸ ಬಾಯಿಗೆ ಹೋಗದೆ ಹೋಯಿತು. ಯಾಕೆಂದು ಆಗಲೂ ಹೇಳಲು ಬರಲಿಲ್ಲ, ಈಗಲೂ ಬರುವುದಿಲ್ಲ. ಅಮ್ಮ ಇದನ್ನು ಸೊಕ್ಕು ಎಂದಳು. ತಿನ್ನುವ ತನಕ ಎಲ್ಲರ ಜೊತೆ ಕೂರಬೇಡ ಎಂದು ಅಡುಗೆಮನೆಯ ಮೂಲೆಯಲ್ಲಿ, ಒಲೆಗೆ ಬೆನ್ನು ಮಾಡಿ ಕೂರಿಸಿ ಬರೀ ಅನ್ನ ಹಾಕಿದಳು. ಎರಡು ದಿನ ಅವಳು ಗೋಡೆ ನೋಡುತ್ತ ಉಂಡಳು. ಮೂರನೇ ದಿನ ಡ್ಯೂಟಿ ಮುಗಿಸಿ ಬಂದ ಅಪ್ಪ, ಖಾಕಿ ಅಂಗಿಯನ್ನೂ ಬಿಚ್ಚದೆ ತನ್ನ ತಟ್ಟೆ ಎತ್ತಿಕೊಂಡು ಬಂದು ಆ ಮೂಲೆಯಲ್ಲಿ ಅವಳ ಪಕ್ಕ ಕೂತ. ಅಮ್ಮನಿಗೆ, "ನಂಗೂ ಅದೇ ಹಾಕು" ಎಂದ. ಎರಡು ದಿನದ ನಾಟಕ ಎಂದುಕೊಂಡಳು ಅಮ್ಮ. ಅದು ಮೂವತ್ತೇಳು ವರ್ಷ ನಡೆಯಿತು. ಡಿಪೋದ ಕ್ಯಾಂಟೀನಿನಲ್ಲಿ, ನೆಂಟರ ಮದುವೆಗಳಲ್ಲಿ, ಎಲ್ಲಿ ಹೋದರೂ ತರಕಾರಿ ಇದ್ದರೆ ಹಾಕಿ ಎನ್ನುತ್ತಿದ್ದ. ಯಾರಿಗೂ ಕಾರಣ ಹೇಳುತ್ತಿರಲಿಲ್ಲ. ನಿನಗೆ ಆಸೆಯಾಗುವುದಿಲ್ಲವಾ ಎಂದು ಅವಳೊಮ್ಮೆ ಕೇಳಿದ್ದಕ್ಕೆ, ಅಭ್ಯಾಸ ತಪ್ಪಿಹೋಯಿತು ಮಗಾ ಎಂದು ಮಾತು ಮುಗಿಸಿದ್ದ. ಜಗತ್ತಿನಲ್ಲಿ ತನ್ನ ಪರವಾಗಿ ಒಬ್ಬ ಮನುಷ್ಯ ಎದ್ದು ಬಂದು ಕೂತಿದ್ದ ಎನ್ನುವುದೇ ಅವಳ ಪಾಲಿನ ದೊಡ್ಡ ಆಸ್ತಿಯಾಗಿತ್ತು. ಗಂಡ ಬಿಟ್ಟು ಹೋದ ದಿನವೂ ಅವಳು ಅದನ್ನೇ ನೆನೆದು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು.

ಅಂಥ ಅಪ್ಪನಿಗೆ ಸೌತೆಕಾಯಿ. ಬುಧವಾರ ಸಂಜೆ ಅವಳು ಕಾರ್ಯದರ್ಶಿಯ ಮನೆಯ ಕರೆಗಂಟೆ ಒತ್ತಿದಳು.

ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತನಾದ ಗುಮಾಸ್ತ, ಎಲ್ಲದಕ್ಕೂ ನೋಡೋಣ ಎನ್ನುವ ಪೈಕಿ. ಅವಳು ಅವನಿಗೆ ನೋಡಲು ಏನೂ ಉಳಿಸಲಿಲ್ಲ. ಬೇರೆ ಮೇಜು ಬೇಕು, ಅದಕ್ಕೆ ಹಸಿರು ಬಟ್ಟೆ. ಆ ಮೇಜಿನ ಸೌಟುಗಳ ಹಿಡಿಗೆ ಹಸಿರು ದಾರ ಕಟ್ಟಿರಬೇಕು, ಆ ದಾರದ ಸೌಟು ಆ ಮೇಜು ಬಿಟ್ಟು ಕದಲಬಾರದು. ಮೊದಲ ಹದಿನೈದು ನಿಮಿಷ ಮಾಂಸ ತಿನ್ನದ ಏಳು ಜನ ಮಾತ್ರ ಅಲ್ಲಿ ಬಡಿಸಿಕೊಳ್ಳಬೇಕು. ಪಾತ್ರೆ ತಂದವರು ಯಾವ ಎಣ್ಣೆ, ಯಾವ ನೀರು, ಯಾವ ಸೌಟು ಎಂದು ಅವಳಿಗೆ ಹೇಳಿಯೇ ಮೇಜಿನ ಮೇಲಿಡಬೇಕು. ಇದೇನು ಊಟವೋ ಕಾರ್ಖಾನೆಯೋ ಎಂದು ಅವನ ಹೆಂಡತಿ ಒಳಗಿನಿಂದಲೇ ಕೇಳಿದಳು. ಇವಳು ಮೂರು ವರ್ಷದ ಬ್ರೆಡ್ಡಿನ ಲೆಕ್ಕವನ್ನೆಲ್ಲ ಒಪ್ಪಿಸಿದಳು. ನಲವತ್ತು ನಿಮಿಷ ಕೇಳಿದ ಮೇಲೆ ಕಾರ್ಯದರ್ಶಿ ಒಪ್ಪಿಕೊಂಡ. ಅವಳ ಮಾತಿನಲ್ಲಿ ನ್ಯಾಯ ಕಂಡು ಅಲ್ಲ, ಹಸಿವಾಗಿತ್ತು.

ಭಾನುವಾರ ಹನ್ನೆರಡಕ್ಕೆ ಸ್ಕೂಟರುಗಳನ್ನೆಲ್ಲ ಬೀದಿಗೆ ತಳ್ಳಿ, ನೆಲ ತೊಳೆದು, ಕಂಬಗಳ ನಡುವೆ ಮೇಜು ಹಾಕಿದ್ದರು. ಎಡಗಡೆ ಉದ್ದನೆಯ ದೊಡ್ಡ ಮೇಜು, ಬಲಗಡೆ ನಲ್ಲಿಯ ಹತ್ತಿರ ಹಸಿರು ಬಟ್ಟೆಯ ಸಣ್ಣ ಮೇಜು. ಅವಳು ಹಸಿರು ಮೇಜಿನ ಮುಂದೆ ನಿಂತು ಪಾತ್ರೆಗಳ ವಿಚಾರಣೆ ಶುರು ಮಾಡಿದಳು. ಮೂರನೇ ಮಹಡಿಯ ನರ್ಸಮ್ಮನ ಕಾಳಿನ ಸಾರು ಪಾಸಾಯಿತು. ನಾಲ್ಕನೇ ಮಹಡಿಯ ಓದುವ ಹುಡುಗಿಯರಿಬ್ಬರ ಹುರಿದ ಆಲೂಗಡ್ಡೆ, ಎಣ್ಣೆ ಹೊಸದೋ ಹಳೆಯದೋ ಎಂಬ ಪ್ರಶ್ನೆಯಲ್ಲಿ ಸ್ವಲ್ಪ ತೊಳಲಾಡಿ ಪಾಸಾಯಿತು. ಕಾರ್ಯದರ್ಶಿಯ ಹೆಂಡತಿ ದೊಡ್ಡ ತಪ್ಪಲೆಯಲ್ಲಿ ಘಮಘಮಿಸುವ ಅನ್ನ ತಂದಳು. ಯಾವ ನೀರು ಎಂದು ಇವಳು ಕೇಳಿದಳು. ಬೇಯಿಸಿದ ನೀರು ಎಂದಳು ಆಕೆ. ಏನನ್ನು ಬೇಯಿಸಿದ್ದು ಎಂದಳು ಇವಳು. ಕೋಳಿ ಬೇಯಿಸಿದ ನೀರು, ಬರೀ ರುಚಿಗೆ, ಒಂದು ತುಂಡಾದರೂ ಇದೆಯಾ ಹುಡುಕಿ ನೋಡಿ ಎಂದು ಆಕೆ ಸವಾಲು ಹಾಕಿದಳು. ತಪ್ಪಲೆ ಬಂದ ದಾರಿಯಲ್ಲೇ ಎಡಗಡೆಯ ಮೇಜಿಗೆ ಹೋಯಿತು. ಆಕೆಯ ಮುಖ ಊದಿಕೊಂಡಿತು. ಆ ಮುಖ ನೋಡಿ ಇವಳಿಗೆ ಒಳಗೊಳಗೇ ತೃಪ್ತಿಯಾಯಿತು. ಆಗಲಿಲ್ಲ ಎಂದರೆ ಸುಳ್ಳು.

ಎಡಗಡೆಯ ಮೇಜಿನ ನಡುಮಧ್ಯೆ ಟೈಲರ್ ತನ್ನ ಸಾರಿನ ಹಂಡೆ ಇಟ್ಟುಕೊಂಡು ಸೌಟು ಹಿಡಿದು ನಿಂತಿದ್ದ. ಅರವತ್ತರ ಹತ್ತಿರದವನು, ಕೊರಳಲ್ಲಿ ಅಳತೆ ಟೇಪು ಭಾನುವಾರವೂ ನೇತಾಡುತ್ತಿತ್ತು. ಅವನ ಮಾಂಸದ ಸಾರಿಗಾಗಿಯೇ ಅರ್ಧ ಜನ ಇಳಿದು ಬರುತ್ತಿದ್ದರು. ಎರಡು ವರ್ಷದ ಹಿಂದೆ ಸೌಟಿನ ವಿಷಯಕ್ಕೆ ಅವಳು ಮುಖ ತಿರುಗಿಸಿಕೊಂಡ ಮೇಲೆ ಅವರಿಬ್ಬರಿಗೂ ಮಾತಿರಲಿಲ್ಲ. ರವಿಕೆ ಹೊಲಿಸಲು ಕೂಡ ಅವಳು ಎರಡು ಬೀದಿ ದಾಟಿ ಹೋಗುತ್ತಿದ್ದಳು. ಅಪ್ಪ ಮಾತ್ರ ಸಂಜೆ ಹೊತ್ತು ಟೈಲರನ ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕೂತು ಮಿಷನ್ನು ಓಡುವುದನ್ನು ನೋಡುತ್ತಿದ್ದ. ಬೇಡ ಎಂದರೂ ಕೇಳುತ್ತಿರಲಿಲ್ಲ.

ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ನರ್ಸಮ್ಮನ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಹಸಿರು ಮೇಜಿನ ಒಂದೊಂದು ಪಾತ್ರೆಯಿಂದ ಒಂದೊಂದು ಚಮಚೆಯಂತೆ ಬಡಿಸಿ ತಟ್ಟೆಯನ್ನು ತೊಡೆಯ ಮೇಲಿಟ್ಟಳು. ಸುತ್ತ ಐದು ಜನ ತಿನ್ನುತ್ತಿದ್ದರು. ಡಾಕ್ಟರು ಹೇಳಿದ ಹಾಗೇ ಆಗಿತ್ತು. ಅಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡ. ಅವಳು ಉಸಿರು ಬಿಗಿ ಹಿಡಿದು ನೋಡಿದಳು. ಇನ್ನೊಂದು ಕಾಳು. ಆಮೇಲೆ ಬೆರಳು ಅದೇ ಹಳೆಯ ಆಟ ಶುರು ಮಾಡಿತು, ಆಲೂಗಡ್ಡೆ ಆಚೆಗೆ, ಅವಳ ಹುರುಳಿಕಾಯಿ ಪಲ್ಯ ಈಚೆಗೆ. ತಿನ್ನಪ್ಪಾ ಎಂದಳು. ಅವನು ಮೂಗೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದ.

ಅಷ್ಟರಲ್ಲಿ ಒಂದನೇ ಮಹಡಿಯ ದಪ್ಪ ಮನುಷ್ಯ, ವಿಮೆ ಏಜೆಂಟು, ತಟ್ಟೆಯಲ್ಲಿ ಕೋಳಿಯ ಕಾಲಿಟ್ಟುಕೊಂಡು ಬಂದು ಹಸಿರು ದಾರದ ಸೌಟಿಗೆ ಕೈ ಹಾಕಿದ. ಹದಿನೈದು ನಿಮಿಷಕ್ಕೆ ಇನ್ನೂ ಆರು ನಿಮಿಷ ಬಾಕಿಯಿತ್ತು. ಅವಳು ಅವನ ಮೇಲೆ ಎರಗಿದಳು. ಒಂದು ಆಲೂಗಡ್ಡೆಗೆ ಇಷ್ಟು ರಂಪವಾ ಎಂದ ಅವನು. ಆಲೂಗಡ್ಡೆಯ ಪ್ರಶ್ನೆಯಲ್ಲ, ಮೂರು ವರ್ಷದ ಪ್ರಶ್ನೆ ಎಂದು ಅವಳು ಗಡಿಯಾರ ತೋರಿಸಿದಳು. ಮಾತಿಗೆ ಮಾತು ಬೆಳೆಯಿತು. ಅವನು ಬರಿಗೈಯಲ್ಲಿ ಹೋಗುವ ತನಕ ಅವಳು ಬಿಡಲಿಲ್ಲ. ಗೆದ್ದ ಖುಷಿಯಲ್ಲಿ ಹಿಂದಿರುಗಿ ನೋಡಿದರೆ ಅಪ್ಪನ ಕುರ್ಚಿ ಖಾಲಿ. ಬಡಿಸಿದ ತಟ್ಟೆ ಕುರ್ಚಿಯ ಮೇಲೆ ಹಾಗೇ ಇತ್ತು. ಎಡಗಡೆಯಿಂದ ಏನೂ ಒಳಗೆ ಬಾರದ ಹಾಗೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಬಲಗಡೆಯಿಂದ ಯಾರಾದರೂ ಎದ್ದು ಹೋದಾರು ಎಂಬುದು, ಇಪ್ಪತ್ತೊಂದು ವರ್ಷ ಸೋರುವುದನ್ನೇ ಹಿಡಿದವಳ ತಲೆಗೆ ಹೊಳೆದಿರಲಿಲ್ಲ.

ಅಪ್ಪ ಟೈಲರನ ಹಂಡೆಯ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅನ್ನ, ಅನ್ನದ ಮೇಲೆ ಕಂದು ಸಾರು, ನಾಲ್ಕಾರು ತುಂಡು. ಮೂರು ವಾರದಿಂದ ತುಟಿ ತೆರೆಯದ ಮನುಷ್ಯ ಗಬಗಬನೆ ತಿನ್ನುತ್ತಿದ್ದ. ಗಲ್ಲದಲ್ಲಿ ಸಾರು ಇಳಿದು ಇಸ್ತ್ರಿ ಮಾಡಿದ ಅಂಗಿಯ ಗುಂಡಿಯವರೆಗೂ ಬಂದಿತ್ತು. ಟೈಲರ್ ಇನ್ನೊಂದು ಸೌಟು ಎತ್ತಿ ಹಿಡಿದಿದ್ದ.

ಎರಡು ಕಂಬ ದಾಟಿ ಹೇಗೆ ಬಂದಳೋ ಅವಳಿಗೇ ತಿಳಿಯದು. "ಏನ್ ಮಾಡ್ತಿದ್ದೀರಿ ನೀವು?" ಎಂದಾಗ ಅವಳ ದನಿ ನಾಲ್ಕನೇ ಮಹಡಿಗೂ ಕೇಳಿಸುವಷ್ಟಿತ್ತು. ನೆರೆದವರೆಲ್ಲ ತಿರುಗಿ ನೋಡಿದರು.

ಟೈಲರ್ ಸೌಟನ್ನು ಹಂಡೆಗೆ ಇಳಿಸಿದ. "ಕೇಳಿದ್ರು, ಹಾಕ್ದೆ" ಎಂದ. "ಒಂದ್ಸಲ ಅಲ್ಲ ಮೇಡಂ, ಮೂರ್ಸಲ ಕೇಳಿದ್ರು. ಮೊದಲೆರಡು ಸಲ ಬೇಡ ಡ್ರೈವರಣ್ಣ ಅಂದೆ."

"ಮಗು ಬಂದು ಕತ್ತರಿ ಕೇಳಿದ್ರೆ ಕೊಡ್ತೀರಾ?"

"ಡ್ರೈವರಣ್ಣ ಮಗು ಅಲ್ಲ."

"ಅವರಿಗೆ ಮರೆವು. ತಾನು ತಿನ್ನಲ್ಲ ಅನ್ನೋದೇ ಅವರಿಗೆ ನೆನಪಿಲ್ಲ. ಅದು ಗೊತ್ತಿದ್ದೂ ಹಾಕಿದ್ರಲ್ಲ."

"ಹಸಿವು ನೆನಪಿದೆಯಲ್ಲ ಮೇಡಂ."

ಅವನು ಅದನ್ನು ಕೊಂಕಾಗಿ ಹೇಳಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ. ಕೊಂಕಾಗಿ ಹೇಳಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಸೌಟಿನ ಸೇಡು ಒಬ್ಬ ಮುದುಕನ ಮೇಲೆ ತೀರಿಸಿಕೊಂಡಿರಿ ಎಂದಳು, ಮೂವತ್ತೇಳು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಸೌಟು ಸಾರಿನಲ್ಲಿ ಹಾಳು ಮಾಡಿದಿರಿ ಎಂದಳು, ನೀವೆಲ್ಲ ನಿಂತು ನೋಡಿದಿರಿ ಎಂದು ಉಳಿದವರನ್ನೂ ಸೇರಿಸಿಕೊಂಡಳು. ಮೂವತ್ತೇಳು ವರ್ಷದ ವಿಷಯ ತನಗೆ ಗೊತ್ತಿರಲಿಲ್ಲ ಎಂದು ಟೈಲರ್ ಮೆಲ್ಲಗೆ ಹೇಳಿದ್ದು ಅವಳ ಕೂಗಾಟದಲ್ಲಿ ಮುಳುಗಿಹೋಯಿತು. ಹೋಗಲಿ ಬಿಡಿ ಮೇಡಂ, ತಿಂದರಲ್ಲ, ಅದೇ ದೊಡ್ಡದು ಎಂದು ಕಾರ್ಯದರ್ಶಿ ಸಮಾಧಾನಕ್ಕೆ ಬಂದ. ಅವನಿಗೂ ಮಂಗಳಾರತಿ ಆಯಿತು.

ಇಷ್ಟೆಲ್ಲ ನಡೆಯುವಾಗ ಅಪ್ಪ ತಿನ್ನುತ್ತಲೇ ಇದ್ದ. ಅವಳು ತಟ್ಟೆಗೆ ಕೈ ಹಾಕಿದಳು. ಅವನು ಬಿಡಲಿಲ್ಲ. ಎಂಟು ತಿಂಗಳಿಂದ ಲೋಟ ಹಿಡಿಯಲೂ ನಡುಗುವ ಕೈ, ಸ್ಟೇರಿಂಗು ಹಿಡಿದಂತೆ ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವಳು ಎಳೆದಳು, ಅವನೂ ಎಳೆದ. ತಟ್ಟೆ ಮಗುಚಿ ಅನ್ನ, ಸಾರು, ತುಂಡು ಎಲ್ಲ ತೊಳೆದ ನೆಲದ ಮೇಲೆ ಬಿತ್ತು.

ಅಪ್ಪ ಬಿದ್ದದ್ದನ್ನೊಮ್ಮೆ ನೋಡಿದ. ಆಮೇಲೆ ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಒಂದು ತುಂಡನ್ನು ಹೆಕ್ಕಿ ಬಾಯಿಗಿಟ್ಟುಕೊಂಡ.

"ಅಪ್ಪಾ, ಬಿಡು ಅಂದ್ರೆ ಬಿಡು!"

ಹುಟ್ಟಿದ ಮೇಲೆ ಅವಳು ಅಪ್ಪನ ಮೇಲೆ ಹಾಗೆ ಕಿರುಚಿದ್ದು ಅದೇ ಮೊದಲು. ಅವಳು ಅವನನ್ನು ರಟ್ಟೆ ಹಿಡಿದು ಎಬ್ಬಿಸಿ, ಎಲ್ಲರ ಮಧ್ಯೆ ದರದರನೆ ನಲ್ಲಿಯ ಹತ್ತಿರ ಕರೆದೊಯ್ದು, ಬಕೆಟ್ಟಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿ ಕೈ ತೊಳೆಯಲು ಶುರು ಮಾಡಿದಳು. ಬೆರಳ ಸಂದಿಯನ್ನೆಲ್ಲ ಉಜ್ಜಿ ಉಜ್ಜಿ ತೊಳೆದಳು. ಟೈಲರನ ಮೇಲಿನ ಸಿಟ್ಟು ಅಪ್ಪನ ಮೇಲೆ ತಿರುಗಿತ್ತು. ಇಷ್ಟು ಆಸೆ ಇತ್ತಾ? ಮೂವತ್ತೇಳು ವರ್ಷವೂ ಇತ್ತಾ? ಅಭ್ಯಾಸ ತಪ್ಪಿಹೋಯಿತು ಎಂದದ್ದು ಸುಳ್ಳಾ? ನೀನು ಬಂದು ಕೂತೆ ಎಂದು ನಾನು ಜಂಬ ಪಟ್ಟುಕೊಂಡು ಬದುಕಿದೆನಲ್ಲ, ನೀನು ಕೂತದ್ದು ಹೊಟ್ಟೆ ಕಟ್ಟಿಕೊಂಡಾ? ನೆನಪೆಂಬುದು ಕಳಚಿದ ಕೂಡಲೆ ಎದ್ದು ಆ ಕಡೆ ಹೋಗಿಬಿಟ್ಟೆಯಲ್ಲ. ಕೇಳಿದರೆ ಉತ್ತರ ಹೇಳುವ ಮನುಷ್ಯ ಅಲ್ಲಿರಲಿಲ್ಲ ಎನ್ನುವುದು ಅವಳನ್ನು ಇನ್ನಷ್ಟು ಕೆರಳಿಸಿತು.

ಅವನು ತೊಳೆಸಿಕೊಂಡ ಕೈಯನ್ನು ನೋಡಿಕೊಂಡ. ಆಮೇಲೆ ಅವಳ ಮುಖ ನೋಡಿದ. ಗುರುತಿಲ್ಲದವರನ್ನು ನೋಡುವ, ತಡವಾಗಿ ಓಡಿ ಬಂದು ಹತ್ತಿದವರನ್ನೂ ಗೌರವದಿಂದಲೇ ಕಾಣುವ ಹಳೆಯ ಡ್ರೈವರನ ನೋಟ.

"ಇನ್ನೊಂದ್ ಸ್ವಲ್ಪ ಸಿಗುತ್ತಾಮ್ಮ?" ಎಂದ. "ಬೆಳಗಿಂದ ಏನೂ ತಿಂದಿಲ್ಲ."

ಕೊಳೆಯಾದ ಅಂಗಿಯೊಳಗೆ ಅವನ ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದವು. ಡಾಕ್ಟರು ಹೇಳಿದ ನಳಿಗೆಯನ್ನು ಅವಳು ಆಸ್ಪತ್ರೆಯಲ್ಲಿ ಕಂಡಿದ್ದಳು. ತಮ್ಮದೇ ಕಾರ್ಖಾನೆಯ ಗ್ಲೌಸು ಹಾಕಿದ ಕೈಗಳು ಯಾರದೋ ಮೂಗಿಗೆ ಅದನ್ನು ತುರುಕುತ್ತಿದ್ದವು. ನಲ್ಲಿ ಸುರಿಯುತ್ತಲೇ ಇತ್ತು. ಸಿಟ್ಟು ಇಳಿಯಲಿಲ್ಲ. ಇಳಿಯದ ಸಿಟ್ಟಿನಲ್ಲೇ ನಲ್ಲಿ ತಿರುಗಿಸಿ, ಒಂದು ಬರಿ ತಟ್ಟೆ ತೆಗೆದುಕೊಂಡು ಎಡಗಡೆಯ ಮೇಜಿಗೆ ಹೋದಳು.

ಜನ ಸರಿದು ದಾರಿ ಬಿಟ್ಟರು. ಅವಳು ತಟ್ಟೆಯನ್ನು ಟೈಲರನ ಮುಂದೆ ಹಿಡಿದು, ಹಾಕಿ ಎಂದಳು. ಅವನು ಅವಳ ಮುಖವನ್ನೇ ನೋಡಿದ. ಹಾಕಿ ಎಂದು ಇನ್ನೊಮ್ಮೆ ಗದರಿದಳು. ಅವನು ಅವಸರ ಮಾಡಲಿಲ್ಲ. ಹಂಡೆಯಲ್ಲಿ ಸೌಟು ಆಡಿಸಿ ಮೂಳೆಯಿಲ್ಲದ, ಮೆತ್ತಗೆ ಬೆಂದ ತುಂಡುಗಳನ್ನು ಒಂದೊಂದಾಗಿ ಆರಿಸಿ ಹಾಕಿದ. ದೊಡ್ಡದಿದ್ದ ಒಂದನ್ನು ಸೌಟಿನ ಅಂಚಿನಿಂದ ಎರಡು ಮಾಡಿದ. ಅವಳು ಒಂದು ಒಳ್ಳೆಯ ಮಾತೂ ಆಡದೆ ತಿರುಗಿದಳು. ಸಾರಿನ ಬಿಸಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಉಸಿರು ಹಿಡಿದುಕೊಂಡೇ ನಡೆದು ಬಂದು ತಟ್ಟೆಯನ್ನು ಅಪ್ಪನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

ಅವನು ತಿಂದ. ಈ ಸಲ ಗಬಗಬನೆ ಅಲ್ಲ. ಅನ್ನಕ್ಕೆ ಸಾರು ಬೆರೆಸಿ, ತುಂಡನ್ನು ಒತ್ತಿ ನೋಡಿ, ಕಣ್ಣು ಅರೆ ಮುಚ್ಚಿ ಅಗಿದ. ಅವಳು ಕೋಪದಿಂದ, ಬಿಡದೆ, ಒಂದೊಂದು ತುತ್ತನ್ನೂ ಎಣಿಸಿದಳು. ಹತ್ತು. ಹನ್ನೊಂದು. ನಾಳೆಯಿಂದ ಇದನ್ನು ಯಾರು ಬೇಯಿಸಬೇಕು, ಯಾವ ಪಾತ್ರೆಯಲ್ಲಿ, ಟೈಲರನ ಬಾಗಿಲಿಗೆ ಹೋಗಿ ಯಾವ ಬಾಯಲ್ಲಿ ಕೇಳಬೇಕು ಎಂದೂ ಲೆಕ್ಕ ಹಾಕುತ್ತಿದ್ದಳು. ಹದಿನಾಲ್ಕಕ್ಕೆ ಅವನು ನಿಲ್ಲಿಸಿದ. ತಟ್ಟೆಯಲ್ಲಿ ಇನ್ನೂ ಅರ್ಧವಿತ್ತು. ಕತ್ತೆತ್ತಿ ಎರಡೂ ಮೇಜಿನ ಕಡೆ, ಜನರ ಕಡೆ, ಲಿಫ್ಟಿನ ಬಾಗಿಲ ಕಡೆ ಯಾರನ್ನೋ ಹುಡುಕಿದ. ಆಮೇಲೆ ಅವಳ ಕಡೆ ಬಾಗಿ ದನಿ ತಗ್ಗಿಸಿದ.

"ನೋಡಿಮ್ಮ, ನಮ್ಮ ಮಗಳು ಇಲ್ಲೇ ಎಲ್ಲೋ ಇದ್ದಾಳೆ. ಚಿಕ್ಕವಳು. ಅವಳಿಗೆ ಹೇಳ್ಬೇಡಿ."

"ಏನಂತ?"

"ನಾನು ಇದನ್ನ ತಿಂದೆ ಅಂತ." ಅವನು ಅಂಗೈಯಿಂದ ತಟ್ಟೆಯನ್ನು ಮರೆ ಮಾಡಿಕೊಂಡ. "ಗೊತ್ತಾದ್ರೆ ಅವಳು ಒಬ್ಬಳೇ ಆಗ್ಬಿಡ್ತಾಳೆ."

ಅವನು ಉತ್ತರಕ್ಕೆ ಕಾಯುತ್ತಿದ್ದ. ಉತ್ತರ ಬರುವ ತನಕ ಮುಂದಿನ ತುತ್ತು ಎತ್ತುವ ಹಾಗೆ ಕಾಣಲಿಲ್ಲ.

"ಹೇಳಲ್ಲ" ಎಂದಳು. "ತಿನ್ನಿ."